ಲಗ್ನಪತ್ರಿಕೆಯ ಮೇಲಿನ ಹೆಸರು

ನಮ್ಮ ಮಸ್ಕಿ ಬಂಡೆಯ ಕಥೆ ನಿಮಗೆಲ್ಲ ಗೊತ್ತು. ಬಹುಪಾಲು ಶಾಸನಗಳಲ್ಲಿ ರಾಜ ಬರೀ ‘ದೇವಾನಾಂಪ್ರಿಯ’. ಅದು ಹೆಸರಲ್ಲ, ಬಿರುದು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಈ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲೇ ‘ಅಶೋಕ’ ಅಂತಲೂ ಇತ್ತು. ಬಿರುದಿನವನೂ ಹೆಸರಿನವನೂ ಒಬ್ಬನೇ ಎಂಬುದು ಗಟ್ಟಿಯಾಯಿತು.

ಹೋದ ವರ್ಷ ಅಕ್ಕನ ಮದುವೆಯಲ್ಲಿ ಇಂಥದ್ದೇ ಪ್ರಶ್ನೆ ಎದ್ದಿತು. ನಾವು ಸಿಂಧನೂರಿನ ಪ್ರಾಟೆಸ್ಟೆಂಟರು. ನಮ್ಮ ‘ಸತ್ಯವೇದ’ದಲ್ಲಿ ದೇವರ ಹೆಸರು ಯೆಹೋವ. ಬೀಗರು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕ್ಯಾಥೊಲಿಕರು. ಆದಿಲ್‌ಶಾಹಿ ಕಾಲದಿಂದಲೂ ಅಲ್ಲಿ ಕ್ಯಾಥೊಲಿಕರಿದ್ದಾರೆ. ಅವರು ಓದುವ ಬೈಬಲ್‌ನಲ್ಲಿ ಅದೇ ಜಾಗದಲ್ಲಿ ‘ಸರ್ವೇಶ್ವರ’. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಯಾವುದು ಹಾಕಿಸೋದು?

“ಯೆಹೋವ ಅಂದ್ರ ತಂದಿ ಒಬ್ಬಾತಂದ ಹೆಸರಲ್ರೀ, ಯೇಸುಸ್ವಾಮಿ ಎಲ್ಲಿ ಬಂದ್ರು?” ಅಂದ್ರು ಬೀಗರು. “ಸರ್ವೇಶ್ವರ ಹೆಸರಲ್ರೀ, ಬಿರುದು” ಅಂದ್ರು ದೊಡ್ಡಪ್ಪ. ಮಾತು ಬೆಳೆದು, ಮದುವೇನೇ ಬ್ಯಾಡ ಅನ್ನೋ ಮಟ್ಟಕ್ಕೆ ಹೋಯಿತು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ನಾನು ಓದಲು ಕೂತೆ.

ಹೀಬ್ರೂನಲ್ಲಿ ಆ ಹೆಸರು ನಾಲ್ಕೇ ವ್ಯಂಜನ: ಯ, ಹ, ವ, ಹ. ಯೆಹೂದ್ಯರು ಭಯಭಕ್ತಿಯಿಂದ ಅದನ್ನು ಉಚ್ಚರಿಸುವುದು ಬಿಟ್ಟು, ಓದುವಾಗ ‘ಅದೋನಾಯ್’, ಅಂದರೆ ಒಡೆಯ, ಎನ್ನತೊಡಗಿದರು. ಮುಂದೆ ಆ ನಾಲ್ಕು ಅಕ್ಷರಗಳಿಗೆ ಅದೋನಾಯ್ ಪದದ ಸ್ವರಚಿಹ್ನೆಗಳನ್ನು ಹಾಕಿದರು. ಎರಡನ್ನೂ ಕೂಡಿಸಿ ಓದಿದ್ದರಿಂದ ‘ಯೆಹೋವ’ ಬಂತು. ಮೂಲ ಉಚ್ಚಾರ ‘ಯಾಹ್ವೆ’ ಇದ್ದಿರಬೇಕು ಎನ್ನುತ್ತಾರೆ ಬಹಳಷ್ಟು ವಿದ್ವಾಂಸರು. ಗ್ರೀಕ್ ಬೈಬಲ್‌ನಲ್ಲಿ ಆ ಜಾಗಕ್ಕೆ ‘ಕಿರಿಯೋಸ್’ ಬಂತು. ಅದೂ ಒಡೆಯನೇ. ಅಂದರೆ ಹೆಸರಿನ ಜಾಗದಲ್ಲಿ ಬಿರುದು ಕೂರುವುದು ಹೊಸತಲ್ಲ.

ಹೊಸ ಒಡಂಬಡಿಕೆ ಯೇಸುವನ್ನು ಕರೆಯುವುದು ಇದೇ ‘ಕಿರಿಯೋಸ್’ ಎಂದು. ಯೆಹೋವನ ಹೆಸರೆತ್ತಿ ಮೊರೆಯಿಡುವವರ ಬಗ್ಗೆ ಪ್ರವಾದಿ ಯೋವೇಲ ಹೇಳಿದ್ದನ್ನು ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಯೇಸುವಿಗೇ ಅನ್ವಯಿಸುತ್ತಾನೆ. ಯೇಸು ಎಂಬ ಹೆಸರಿನ ಹೀಬ್ರೂ ಮೂಲಕ್ಕೂ ‘ಯೆಹೋವನೇ ರಕ್ಷಣೆ’ ಎಂಬರ್ಥವಿದೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ದೀಕ್ಷಾಸ್ನಾನ ಕೊಡಬೇಕಾದದ್ದು ಮೂವರ ಹೆಸರಿನಲ್ಲಿ. ಗ್ರೀಕ್‌ನಲ್ಲಿ ಆ ‘ಹೆಸರು’ ಏಕವಚನ! ಆದ್ದರಿಂದ ತ್ರಿಯೇಕತ್ವ ನಂಬುವವರು ಆ ಹೆಸರನ್ನು ತಂದೆಗಷ್ಟೇ ಮೀಸಲಿಡುವುದಿಲ್ಲ. ಮೂವರ ಒಂದೇ ದೈವತ್ವದ ಹೆಸರು ಅದು ಎನ್ನುತ್ತಾರೆ. ಮಗನೂ ತಂದೆಯೂ ಒಂದೇ ಸತ್ವ ಎಂದು 325ರ ನೈಸಿಯಾ ಸಭೆ ತೀರ್ಮಾನಿಸಿತ್ತು.

ಇದನ್ನು ಇಬ್ಬರ ಮುಂದೆಯೂ ಇಟ್ಟೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಮೂವರ ಹೆಸರಿನಲ್ಲಿ ಅಂತನೇ ಹಾಕ್ಸು” ಅಂದ್ರು. ಬೀಗರೂ ಒಪ್ಪಿದರು. ‘ಪಿತ, ಸುತ’ ಅನ್ನಬೇಕೋ ‘ತಂದೆ, ಮಗ’ ಅನ್ನಬೇಕೋ ಅಂತ ಇನ್ನರ್ಧ ಗಂಟೆ ಹೋಯಿತು, ಆ ಮಾತು ಬೇರೆ.

ಯೆಹೂದ್ಯರು ಈ ಓದನ್ನು ಒಪ್ಪುವುದಿಲ್ಲ. ಯೆಹೋವನ ಸಾಕ್ಷಿಗಳಿಗೂ ಆ ಹೆಸರು ತಂದೆಯೊಬ್ಬನದೇ. ನನ್ನ ರೂಮ್‌ಮೇಟ್ ಅಂತೂ “ಲೇ, ಒಂದು ಮತ್ತೊಂದು ಇನ್ನೊಂದು ಸೇರಿದ್ರ ಮೂರಲ್ಲೇನಲೇ?” ಅಂತ ಈಗಲೂ ಕಾಡುತ್ತಾನೆ. ಇದು ಕೂಡಿಸುವ ಲೆಕ್ಕ ಅಲ್ಲಪ್ಪ, ನಂಬಿಕೆ ಅನ್ನುತ್ತೇನೆ. ಅವನು ನಗುತ್ತಾನೆ, ನಾನೂ ನಗುತ್ತೇನೆ. ಆದರೆ ಒಂದೇ ದೇವರನ್ನು ನಂಬುವ ಎರಡು ಮನೆಗಳು ಒಂದು ಪದಕ್ಕಾಗಿ ದೂರವಾಗುವುದು ಎಷ್ಟು ಸುಲಭ ಅನ್ನೋದು ಮಾತ್ರ ನನಗೆ ನಗೆಯಾಗಿ ಕಾಣುವುದಿಲ್ಲ.