ನರಗುಂದದ ಗುಡ್ಡದಲ್ಲಿ ನೀಲಿ ಪಾತರಗಿತ್ತಿ

ನರಗುಂದವೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಬಂಡಾಯ. ದತ್ತಕದ ಹಕ್ಕನ್ನು ನಿರಾಕರಿಸಿದ ಆಂಗ್ಲರ ವಿರುದ್ಧ 1858ರಲ್ಲಿ ಕತ್ತಿ ಹಿರಿದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಈ ಸಂಸ್ಥಾನದ ಒಡೆಯ. ಆ ವರ್ಷ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಅನಂತರ 1980ರ ಜುಲೈ 21ರಂದು ನೀರಾವರಿ ಕರದ ಭಾರ ತಾಳಲಾರದೆ ಸಿಡಿದೆದ್ದ ರೈತರಿಂದ ಈ ಊರಿನ ಹೆಸರು ಮತ್ತೊಮ್ಮೆ ನಾಡಿನಲ್ಲೆಲ್ಲ ಮೊಳಗಿತು. ಇಂಥ ಊರಿಗೆ ಒಬ್ಬ ಮನುಷ್ಯ ಕೇವಲ ಒಂದು ಚಿಟ್ಟೆಯ ಚಿತ್ರ ತೆಗೆಯಲು ಹೋಗುತ್ತಾನೆಂದರೆ ಕೇಳಿದವರು ನಕ್ಕಾರು. ಅದೂ ಅಪರೂಪದ ಚಿಟ್ಟೆಯಲ್ಲ. ನೀವೂ ನಾವೂ ದಿನನಿತ್ಯ ಕಾಲಬುಡದಲ್ಲಿ ಕಂಡು, ಕಂಡುದನ್ನು ಅರಿಯದೆಯೇ ದಾಟಿ ಹೋಗುವ ಅತಿ ಸಾಮಾನ್ಯವಾದ ಚಿಟ್ಟೆ.

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನವಲಗುಂದವನ್ನು ಹಿಂದಕ್ಕೆ ಹಾಕಿದರೆ ಎರೆಯ ನಾಡು ತನ್ನ ಪೂರ್ಣ ವಿಸ್ತಾರವನ್ನು ತೆರೆದು ತೋರಿಸುತ್ತದೆ. ಎತ್ತ ನೋಡಿದರೂ ಕಪ್ಪು ನೆಲ. ಅದರ ಮೇಲೆ ಹತ್ತಿ, ಜೋಳ, ಕಡಲೆ, ಕುಸುಬಿ. ಮರಗಳು ವಿರಳ, ಆಕಾಶ ಅಪಾರ. ಈ ಸಮತಟ್ಟಾದ ಬಯಲಿನಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವುದು ನರಗುಂದದ ಗುಡ್ಡ. ಊರು ಅದರ ಬುಡಕ್ಕೆ ಆತು ಕುಳಿತಿದೆ. ಗುಡ್ಡದ ಮೇಲೆ ಶಿವಾಜಿಯ ಕಾಲದಲ್ಲಿ, 1674ರಲ್ಲಿ, ಕಟ್ಟಿದ ಕೋಟೆಯ ಅವಶೇಷಗಳಿವೆ. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿದ್ದೂ ಇದೇ ಕೋಟೆಗೆ. ಇಂದು ಆ ಕಲ್ಲುಗಳ ಸಂದಿನಲ್ಲಿ ಪಹರೆ ಕಾಯುತ್ತಿರುವುದು ಹುಲ್ಲು.

ಮಳೆಗಾಲ ಹಿಂಜರಿಯುವ ಸಮಯ, ಸೆಪ್ಟೆಂಬರ್ ತಿಂಗಳ ಕೊನೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಗುಡ್ಡ ಹಸಿರುಟ್ಟು ನಿಲ್ಲುವುದು ವರ್ಷದಲ್ಲಿ ಕೆಲವು ವಾರ ಮಾತ್ರ. ಸೂರ್ಯೋದಯಕ್ಕೆ ಮುನ್ನವೇ ನಾನೂ ನನ್ನ ಮಿತ್ರರೊಬ್ಬರೂ ಗುಡ್ಡವನ್ನೇರತೊಡಗಿದೆವು. ಹುಲ್ಲಿನ ನಡುವೆ ತುಂಬೆಯ ಬಿಳಿ ಹೂಗಳು. ನೆಲಕ್ಕಂಟಿದಂತೆ ವಿಷ್ಣುಕ್ರಾಂತಿಯ ನೀಲಿ ಚುಕ್ಕೆಗಳು. ಕಾಲು ಇಟ್ಟಲ್ಲೆಲ್ಲ ನೆಗ್ಗಿಲ ಮುಳ್ಳು. ಆ ನೆಗ್ಗಿಲನ್ನು ಶಪಿಸದಿರುವ ದಾರಿಹೋಕನಿಲ್ಲ. ಆದರೆ ನಾವು ಹುಡುಕಿ ಬಂದ ಜೀವಕ್ಕೆ ತವರುಮನೆಯೇ ಆ ಮುಳ್ಳಿನ ಗಿಡ.

ಧಾರವಾಡ ಸೀಮೆಯಲ್ಲಿ ಚಿಟ್ಟೆಗೆ ಪಾತರಗಿತ್ತಿ ಎನ್ನುತ್ತಾರೆ. ಬೇಂದ್ರೆಯವರ ಹಾಡಿನಿಂದ ಈ ಮಾತು ಕನ್ನಡ ನಾಡಿನ ಮಕ್ಕಳಿಗೆಲ್ಲ ಪರಿಚಿತವಾಗಿದೆ. ನಾವು ಅರಸುತ್ತಿದ್ದ ಪಾತರಗಿತ್ತಿಯನ್ನು ಇಂಗ್ಲಿಷಿನಲ್ಲಿ ಡಾರ್ಕ್ ಗ್ರಾಸ್ ಬ್ಲೂ ಎನ್ನುತ್ತಾರೆ. ನಾವು ಕಡು ಹುಲ್ಲುನೀಲಿ ಎನ್ನೋಣ. 1865ರಲ್ಲಿ ಫ್ರೆಡರಿಕ್ ಮೂರ್ ಎಂಬ ವಿದ್ವಾಂಸ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ರೆಕ್ಕೆ ಬಿಚ್ಚಿದರೂ ಇದರ ಅಗಲ ಎರಡು ಸೆಂಟಿಮೀಟರಿನ ಆಸುಪಾಸು. ಅಂಗಿಯ ಗುಂಡಿಗಿಂತ ತುಸು ದೊಡ್ಡದೆಂದರೆ ಸಾಕು. ರೆಕ್ಕೆಯ ಕೆಳಮೈ ಬೂದು ಬಣ್ಣದ್ದು, ಅದರ ಮೇಲೆ ಕಪ್ಪು ಚುಕ್ಕೆಗಳು. ಗಂಡಿನ ಮೇಲ್ಮೈ ಮಾತ್ರ ನೇರಳೆ ಬೆರೆತ ನೀಲಿ; ಹೆಣ್ಣಿನದು ಕಂದು. ಈ ನೀಲಿ ಬಣ್ಣವೆಂಬುದು ಬಳಿದ ಬಣ್ಣವಲ್ಲ. ರೆಕ್ಕೆಯ ಮೇಲಿನ ಅತಿ ಸೂಕ್ಷ್ಮವಾದ ಹುರುಪೆಗಳ ರಚನೆ ಬೆಳಕನ್ನು ಒಡೆದು ನೀಲಿಯನ್ನಷ್ಟೇ ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ. ಆದುದರಿಂದಲೇ ನೋಡುವ ಕೋನ ಬದಲಾದರೆ ನೀಲಿಯ ಹೊಳಪೂ ಬದಲಾಗುತ್ತದೆ.

ಸಾಮಾನ್ಯವಾದುದನ್ನು ಶ್ರದ್ಧೆಯಿಂದ ನೋಡಿದವರು ನಮ್ಮ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬಾತ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1909ರಿಂದ 1927ರ ವರೆಗೆ ಬಯಲು ಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತು ಲೇಖನಮಾಲೆಯೊಂದನ್ನು ಬರೆದರು. ಒಂದೊಂದು ಚಿಟ್ಟೆಯ ಮೊಟ್ಟೆ, ಹುಳು, ಕೋಶ, ಅದು ತಿನ್ನುವ ಎಲೆ, ಎಲ್ಲವನ್ನೂ ಸ್ವತಃ ಸಾಕಿ ನೋಡಿ ಬರೆದ ಬರಹವದು. ಬೆಲ್ಲರ ಕೈಯಲ್ಲಿ ಇಂದಿನಂಥ ಕ್ಯಾಮರಾ ಇರಲಿಲ್ಲ. ಇದ್ದುದು ತಾಳ್ಮೆ.

ಆ ತಾಳ್ಮೆ ಇಂದಿಗೂ ಅನಿವಾರ್ಯ. ಚಿಟ್ಟೆಯದು ತಣ್ಣನೆಯ ರಕ್ತ. ಬಿಸಿಲಿನಲ್ಲಿ ಮೈ ಕಾಸಿಕೊಳ್ಳದ ಹೊರತು ಅದು ಹಾರಲಾರದು. ಚಿತ್ರ ತೆಗೆಯುವವನ ಅದೃಷ್ಟವೆಲ್ಲ ಅಡಗಿರುವುದು ಈ ಒಂದು ಗುಟ್ಟಿನಲ್ಲಿ. ಮುಂಜಾನೆಯ ಮೊದಲ ಬಿಸಿಲು ತಾಗಿದಾಗ ಹುಲ್ಲುನೀಲಿ ಎಸಳಿನ ತುದಿಗೆ ಬಂದು ಮೆಲ್ಲನೆ ರೆಕ್ಕೆ ಬಿಚ್ಚುತ್ತದೆ. ಆ ಕೆಲವು ನಿಮಿಷಗಳೇ ನಮ್ಮ ಪಾಲಿಗೆ ಸುಮುಹೂರ್ತ. ಬಿಸಿಲೇರಿತೆಂದರೆ ಅದು ನೆಲದಿಂದ ಮೊಣಕಾಲೆತ್ತರಕ್ಕೂ ಏರದೆ ತಿರುತಿರುಗಿ ಹಾರುತ್ತಲೇ ಇರುತ್ತದೆ.

ನಿಂತು ಚಿತ್ರ ತೆಗೆದರೆ ಹುಲ್ಲಿನ ಹಾಸಿಗೆಯ ಮೇಲೊಂದು ಬೂದು ಚುಕ್ಕೆ ಮೂಡೀತು, ಅಷ್ಟೆ. ಚಿಟ್ಟೆಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕಾದರೆ ನೆಲಕ್ಕೆ ಎದೆಯಾನಿಸಿ ಮಲಗಲೇಬೇಕು. ನಮ್ಮ ನೆರಳು ಅದರ ಮೇಲೆ ಬೀಳಬಾರದು. ಬಿದ್ದರೆ ಹಾರಿತೆಂದೇ ತಿಳಿಯಿರಿ. ಸಮೀಪದ ವಸ್ತುಗಳಿಗೆಂದೇ ಮಾಡಿದ ಮ್ಯಾಕ್ರೋ ಲೆನ್ಸಿನಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರು. ಆದ್ದರಿಂದ ಕ್ಯಾಮರಾವನ್ನು ರೆಕ್ಕೆಗೆ ಸರಿಸಮಾನವಾಗಿ ಹಿಡಿಯಬೇಕು. ಗಾಳಿಗೆ ಹುಲ್ಲು ತೂಗುತ್ತಿದ್ದರೆ ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಚುರುಕಾಗಿ ಶಟರು ತೆರೆದು ಮುಚ್ಚಬೇಕು. ಇಷ್ಟೆಲ್ಲ ಕೂಡಿ ಬಂದ ಕ್ಷಣದಲ್ಲಿಯೇ ಮುಳ್ಳೊಂದು ಮೊಣಕೈಗೆ ನಾಟುವುದೂ ಉಂಟು.

ನಾನು ಹೀಗೆ ಸಾಷ್ಟಾಂಗ ಬಿದ್ದಿದ್ದಾಗ ಕುರಿಗಳ ಕೊರಳಗಂಟೆ ಕೇಳಿಸಿತು. ಹೆಗಲ ಮೇಲೆ ಕಂಬಳಿ ಹೊದ್ದ ವೃದ್ಧ ಕುರುಬರೊಬ್ಬರು ಬಂದು ನಿಂತರು.

"ಏನ ಕಳಕೊಂಡೀರಿ ಸಾಹೇಬ್ರ? ಉಂಗುರ ಏನರ ಬಿದ್ದೈತೇನ್ರಿ?"

"ಇಲ್ರೀ ಅಜ್ಜಾರ, ಈ ಪಾತರಗಿತ್ತಿ ಫೋಟೋ ತೆಗೀಲಿಕ್ಕೆ ಬಂದೇನಿ."

ಅಜ್ಜ ಬಗ್ಗಿ ನೋಡಿದರು. "ಇದೇನ ನೋಡ್ತೀರಿ ಬಿಡ್ರಿ, ಹುಲ್ಲಿನ ಹುಳ. ಅಲ್ಲಿ ಎಕ್ಕಿ ಗಿಡದಾಗ ದೊಡ್ಡುವು ಅದಾವ, ಕೆಂಪನವು, ಅವನ್ನ ತಗೀರಿ."

ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ಮೂಡಿದ್ದ ಚಿತ್ರವನ್ನು ದೊಡ್ಡದು ಮಾಡಿ ಅವರ ಮುಂದೆ ಹಿಡಿದೆ. ನೇರಳೆ ಮಿಂಚುವ ರೆಕ್ಕೆ, ಅದರಂಚಿನ ಬಿಳಿಯ ಝಾಲರಿ, ಕಪ್ಪು ಬಿಳುಪಿನ ಪಟ್ಟೆಗಳ ಮೀಸೆ. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಣ್ಣಾಂವ ಇದ್ದಾಗಿಂದ ನೋಡಾಕತ್ತೇನ್ರಿ. ಇದಕ್ಕ ಇಷ್ಟ ಬಣ್ಣ ಐತಂತ ಗೊತ್ತ ಇರಲಿಲ್ಲ" ಎಂದರು. ಹೋಗುತ್ತ ಮತ್ತೊಂದು ಮಾತು ಸೇರಿಸಿದರು: "ಹುಲ್ಲ ಎತ್ತರ ಬೆಳದಲ್ಲಿ ಇವು ಇರಂಗಿಲ್ರಿ. ಕುರಿ ಮೇದ ಹ್ವಾದ ಜಾಗಾದಾಗ ನೋಡ್ರಿ, ಬೇಕಾದಷ್ಟ ಸಿಗ್ತಾವ."

ಅವರು ತೋರಿದ ಕಡೆಗೆ ಹೋದಾಗ ಮಾತು ನಿಜವಾಯಿತು. ಅದೇ ವೇಳೆಗೆ ನನ್ನ ಮಿತ್ರರು ಸುತ್ತಲೂ ದೃಷ್ಟಿ ಹಾಯಿಸಿ, "ಈ ಬೋಳು ಗುಡ್ಡಕ್ಕೆಲ್ಲ ಬೇಲಿ ಹಾಕಿ, ಕುರಿಗಳನ್ನು ಹೊರಗಟ್ಟಿ, ಸಾವಿರಾರು ಗಿಡ ನೆಟ್ಟರೆ ಎಷ್ಟು ಚೆನ್ನ!" ಎಂದು ಉದ್ಗರಿಸಿದರು. ಸದುದ್ದೇಶದ ಮಾತು, ನಮ್ಮಲ್ಲಿ ಅನೇಕರ ಮನಸ್ಸಿನ ಮಾತೂ ಹೌದು. ಆದರೆ ಅವರ ಮಾತಿಗೂ ಅಜ್ಜನ ಮಾತಿಗೂ ನಡುವೆ ಒಂದು ದೊಡ್ಡ ಪ್ರಶ್ನೆಯಿದೆ. ಇಂಗ್ಲೆಂಡಿನಲ್ಲಿ ಆ ಪ್ರಶ್ನೆಗೆ ಉತ್ತರ ದೊರೆತದ್ದು ತುಂಬ ಬೆಲೆ ತೆತ್ತ ಮೇಲೆ.

ಅಲ್ಲಿನ ಹುಲ್ಲುಗಾವಲುಗಳಲ್ಲಿ ಲಾರ್ಜ್ ಬ್ಲೂ ಎಂಬ ನಮ್ಮ ಹುಲ್ಲುನೀಲಿಯ ದೊಡ್ಡ ದಾಯಾದಿಯೊಂದಿತ್ತು. ಅದನ್ನು ಹಿಡಿದೊಯ್ಯುವ ಸಂಗ್ರಾಹಕರ ಕಾಟ ತಪ್ಪಿಸಲೆಂದು ಪ್ರಕೃತಿಪ್ರಿಯರು ಬೇಲಿ ಕಟ್ಟಿದರು, ದನಕುರಿಗಳೂ ಹೊರಗುಳಿದವು. ಸಾಲದೆಂಬಂತೆ 1953ರಲ್ಲಿ ಬಂದ ಸಾಂಕ್ರಾಮಿಕ ಜಾಡ್ಯಕ್ಕೆ ಹುಲ್ಲು ಮೇಯುವ ಕಾಡುಮೊಲಗಳು ಲೆಕ್ಕವಿಲ್ಲದಷ್ಟು ಸತ್ತವು. ಹುಲ್ಲು ಎತ್ತರವಾಗಿ ಬೆಳೆಯಿತು. ಚಿಟ್ಟೆ ಮಾತ್ರ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತ ಹೋಯಿತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಕಾರಣವನ್ನು ಕಂಡುಹಿಡಿದರು. ಈ ಚಿಟ್ಟೆಯ ಹುಳು ಬೆಳೆಯುವುದು ಒಂದು ಜಾತಿಯ ಕೆಂಪಿರುವೆಯ ಗೂಡಿನೊಳಗೆ, ಇರುವೆಯ ಮರಿಗಳನ್ನೇ ತಿಂದು. ಆ ಇರುವೆಗೆ ಬೆಚ್ಚನೆಯ ನೆಲ ಬೇಕು. ಹುಲ್ಲು ಕೆಲವೇ ಸೆಂಟಿಮೀಟರು ಹೆಚ್ಚು ಬೆಳೆದರೂ ನೆಲಕ್ಕೆ ಬಿಸಿಲು ತಾಗದೆ ಇರುವೆ ಕಾಲ್ತೆಗೆಯುತ್ತದೆ. ಈ ಸತ್ಯ ತಿಳಿದಾಗ ಹೊತ್ತು ಮೀರಿತ್ತು. 1979ರಲ್ಲಿ ಬ್ರಿಟನ್ನಿನಲ್ಲಿ ಆ ಚಿಟ್ಟೆ ನಿರ್ವಂಶವಾಯಿತು. 1983ರಿಂದ ಸ್ವೀಡನ್ನಿನ ಹುಳುಗಳನ್ನು ತಂದು, ದನಗಳನ್ನು ಲೆಕ್ಕವರಿತು ಮೇಯಿಸಿ, ಅದನ್ನು ಮತ್ತೆ ನೆಲೆಗೊಳಿಸಲಾಗಿದೆ.

ನಮ್ಮ ಹುಲ್ಲುನೀಲಿಗೆ ಇರುವೆಯ ಅವಲಂಬನೆ ಅಷ್ಟು ಬಿಗಿಯಾದುದಲ್ಲ. ಅದರ ಹುಳು ಸಿಹಿರಸವನ್ನು ಒಸರಿಸುತ್ತದೆ. ಇರುವೆಗಳು ಅದನ್ನು ಸವಿದು, ಹುಳುವಿಗೆ ಕಾವಲು ನಿಲ್ಲುತ್ತವೆ. ಆದರೆ ಬಿಸಿಲು ಬಿದ್ದ ನೆಲ, ಕುಳ್ಳಾದ ಹುಲ್ಲು, ನೆಲದ ಮೇಲೆ ಹರಡುವ ನೆಗ್ಗಿಲು, ತಾನಾಗಿ ಬೆಳೆವ ಕೀರೆ, ಇವು ಅದಕ್ಕೂ ಬೇಕು. ದಟ್ಟವಾದ ನೆಡುತೋಪಿನ ನೆರಳಿನಲ್ಲಿ ಇವು ಯಾವುವೂ ಉಳಿಯಲಾರವು. ಹಾಗೆಂದು ಅಳತೆ ಮೀರಿ ಮೇಯಿಸಿದರೂ ಗುಡ್ಡ ಬರಿದಾಗುತ್ತದೆ. ಹದ ತಿಳಿದವನು ಕುರಿ ಕಾಯುವವನು. ಅವನನ್ನು ಕೇಳುವವರು ವಿರಳ.

ಮರವಿಲ್ಲದ ನೆಲವನ್ನು ಬಂಜರು, ಪಾಳು ಎಂದು ಕರೆಯುವುದು ನಮಗೆ ರೂಢಿಯಾಗಿದೆ. ಸರ್ಕಾರದ ಬಂಜರು ಭೂಮಿಯ ನಕ್ಷೆಗಳಲ್ಲಿ ಕುರುಚಲು ಬಯಲಿಗೂ ಗೋಮಾಳಕ್ಕೂ ಸ್ಥಾನವಿದೆ. ಹೆಸರು ಹಾಗೆ ಬಿದ್ದ ಮೇಲೆ ಆ ನೆಲವನ್ನು ಯಾವ ಕೆಲಸಕ್ಕೆ ಕೊಟ್ಟರೂ ಕೇಳುವವರಿಲ್ಲ. ಬ್ರಿಟನ್ನಿನಲ್ಲಿ 1976ರಿಂದ ಸಾಮಾನ್ಯ ಚಿಟ್ಟೆಗಳನ್ನೂ ವರ್ಷ ವರ್ಷ ಎಣಿಸುತ್ತ ಬಂದಿದ್ದಾರೆ. ಕಡಿಮೆಯಾದರೆ ಅಲ್ಲಿ ಗೊತ್ತಾಗುತ್ತದೆ. ಅಪರೂಪದ್ದು ಅಳಿದಾಗ ಜಗತ್ತು ಗಮನಿಸುತ್ತದೆ. ಸಾಮಾನ್ಯವಾದುದು ಸದ್ದಿಲ್ಲದೆ ಹೋಗುತ್ತದೆ, ಏಕೆಂದರೆ ಅದು ಇದ್ದಾಗ ಯಾರೂ ನೋಡಿರುವುದಿಲ್ಲ.

ವಾಚಕರು ನರಗುಂದಕ್ಕೆ ಹೋದಾಗ ಬಾಬಾಸಾಹೇಬನ ಕೋಟೆಯನ್ನು ಅವಶ್ಯವಾಗಿ ನೋಡಬೇಕು. ಮಳೆ ನಿಂತ ವಾರದಲ್ಲಿ ಹೋಗಲು ಅನುಕೂಲವಿದ್ದರೆ ಮಕ್ಕಳನ್ನೂ ಕರೆದೊಯ್ಯಿರಿ. ದುಬಾರಿಯ ಕ್ಯಾಮರಾ ಬೇಕಿಲ್ಲ, ಕೈಯಲ್ಲಿರುವ ಮೊಬೈಲು ಸಾಕು. ಬೆಳಿಗ್ಗೆ ಬೇಗ ಏರಿ, ಕುರಿ ಮೇದ ಜಾಗದಲ್ಲಿ ಸೂರ್ಯನಿಗೆ ಬೆನ್ನು ಕೊಡದೆ, ನೆರಳು ಬೀಳದಂತೆ ಕುಳಿತುಕೊಳ್ಳಿ. ಮಕ್ಕಳು ನಮಗಿಂತ ನೆಲಕ್ಕೆ ಹತ್ತಿರ. ಆ ನೀಲಿಯನ್ನು ಮೊದಲು ಕಾಣುವವರು ಅವರೇ.