ಗಣಿಯ ಉಸಿರು

ಕೋಲಾರದ ಚಿನ್ನದ ಗಣಿಯ ಆಳವು 3 ಕಿಲೋಮೀಟರನ್ನು ಮೀರಿದ್ದಿತು; ಅಲ್ಲಿನ ಬಂಡೆಯ ಶಾಖವು 60 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ್ದಿತು. ಆ ಪಾತಾಳದಲ್ಲಿ ದುಡಿಯುವವನಿಗೆ ಭೂಮಿಯ ಮೇಲಣ ಗಾಳಿಯನ್ನು ಮುಟ್ಟಿಸುತ್ತಿದ್ದುವು ವಿದ್ಯುತ್ತಿನ ಬೀಸಣಿಗೆಗಳು. ಚಿನ್ನವನ್ನು ಹೊಗಳಿದವರು ಅನೇಕರು. ಬೀಸಣಿಗೆಗೆ ಎಣ್ಣೆಯೂಡಿದವನನ್ನು ನೆನೆದವರು ವಿರಳ.

ಬೀಸಣಿಗೆಯ ರೆಕ್ಕೆಗಳ ಮೇಲೆ ಧೂಳು ಒಂದೇ ಸಮನಾಗಿ ಕೂಡುವುದಿಲ್ಲ. ಒಂದು ರೆಕ್ಕೆ ಭಾರವಾದರೆ ಚಕ್ರವು ತೂಕ ತಪ್ಪಿ ನಡುಗುವುದು. ನಡುಕದಿಂದ ಬೇರಿಂಗು ಸವೆಯುವುದು. ಅನುಭವಶಾಲಿಯಾದ ಕೆಲಸಗಾರನು ಈ ರೋಗವನ್ನು ಕಣ್ಣಿಗಿಂತ ಮೊದಲು ಕಿವಿಯಿಂದಲೇ ಅರಿಯುವನು. ಸದ್ದು ಬದಲಾದೊಡನೆ ಬದಲಿ ಬೀಸಣಿಗೆಯನ್ನು ತಿರುಗಿಸಿ, ಕೆಟ್ಟುದನ್ನು ನಿಲ್ಲಿಸಿ, ರೆಕ್ಕೆಗಳನ್ನು ತೊಳೆಯುವನು. ಅವನು ಆಲಸ್ಯಪಟ್ಟರೆ ಕೆಳಗಿರುವವನ ಉಸಿರಿಗೇ ಕುತ್ತು.

2001ರಲ್ಲಿ ಆ ಗಣಿ ಮುಚ್ಚಿತು. ಆದರೆ ಕಾರ್ಖಾನೆಗಳಲ್ಲಿ ಇಂದಿಗೂ ಉಸಿರಾಡುವವನೊಬ್ಬ, ಎಣ್ಣೆಯೂಡುವವನಿನ್ನೊಬ್ಬ. ಇವನ ಎಚ್ಚರವೇ ಅವನ ಆಯುಷ್ಯ.