ಬಳೆಗಾರರ ಗುಂಡು

ಬಳೆಗಾರರಿಗೂ ಅಶೋಕ ಚಕ್ರವರ್ತಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಅವರನ್ನು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸಬೇಕು. ಜಟಾಯು ಬಿದ್ದ ಜಾಗವೆಂದು ನಾವು ನಂಬುವ ಈ ಬೆಟ್ಟದ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಗುರುತಿಸಿದಾಗ ಜನ ಆ ಬಂಡೆಗೆ ಬಳೆಗಾರರ ಗುಂಡು ಎನ್ನುತ್ತಿದ್ದರಂತೆ. ಜಾತ್ರೆಯಲ್ಲಿ ಬಳೆ ಅಂಗಡಿ ಹೂಡುತ್ತಿದ್ದುದು ಅದರ ಮೇಲೆಯೇ! ಅಕ್ಷರಗಳು ಬಹಳ ಸವೆದಿವೆ. ಪುಣ್ಯಕ್ಕೆ ಅದೇ ಒಕ್ಕಣೆ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಇದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ, ನಾವು ಫೋನಿನಲ್ಲಿ ಮಾತಾಡುವ ಹಾಗೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು. ಶಿಷ್ಯರು ಗುರುಗಳನ್ನು ಗೌರವಿಸಬೇಕೆಂಬುದನ್ನು ತರಗತಿಯಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಈಗ ಸುದ್ದಿ ಸಾಗಿಸುವುದು ಮೊಬೈಲ್ ಟವರು. ನಮ್ಮ ಹಳ್ಳಿಯ ಶಾಲೆಯ ಹಿಂದೆಯೂ ಒಂದಿದೆ. ಕರೆಂಟು ಹೋಯಿತೆಂದರೆ ಅದರ ಬುಡದ ಡೀಸೆಲ್ ಜನರೇಟರು ಶುರು; ಹೊಗೆ ನೇರ ಏಳನೇ ತರಗತಿಯ ಕಿಟಕಿಗೆ. ಅಲ್ಲಿ ದಮ್ಮಿನ ಕಾಯಿಲೆಯ ಹುಡುಗಿಯೊಬ್ಬಳು ಕೂರುತ್ತಾಳೆ. ಬೇಸಿಗೆಯಲ್ಲೂ ಕಿಟಕಿ ಮುಚ್ಚಿ ಪಾಠ ಮಾಡುತ್ತೇನೆ. ಹಾಗೆಂದು ಟವರೇ ಬೇಡವೆನ್ನಲಾರೆ. ಮಗ್ಗದ ಮನೆಯ ಹೆಂಗಸರು ಸೀರೆಯ ಅಂಚು ಸೆರಗನ್ನು ಬೆಂಗಳೂರಿನ ಗಿರಾಕಿಗೆ ತೋರಿಸುವುದು ಅದರಿಂದಲೇ. ರಾತ್ರಿ ಹೆರಿಗೆ ನೋವು ಬಂದರೆ 108ಕ್ಕೆ ಕರೆ ಹೋಗುವುದೂ ಅದರಿಂದಲೇ.

ಈ ಹೊಗೆಯ ಬಗ್ಗೆ ದಿಲ್ಲಿಯವರು ಯೋಚಿಸಿಯೇ ಇಲ್ಲ ಅಂದುಕೊಂಡಿರಾ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2011ರಲ್ಲೇ ಶಿಫಾರಸು ಮಾಡಿತು. ಆಗ ದೇಶದ ಟವರುಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್ ಕುಡಿಯುತ್ತಿದ್ದವೆಂದು ಅಂದಾಜು. 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ನಿರ್ದೇಶನ ಬಂತು: 2015ರೊಳಗೆ ಹಳ್ಳಿಯ ಟವರುಗಳಲ್ಲಿ ಶೇ. 50, ಪಟ್ಟಣದವುಗಳಲ್ಲಿ ಶೇ. 20 ಮಿಶ್ರ ವಿದ್ಯುತ್ತಿನಿಂದ ನಡೆಯಬೇಕು. ಎಂದರೆ ಲೈನಿನ ಕರೆಂಟಿನ ಜೊತೆಗೆ ಬಿಸಿಲು, ಗಾಳಿಯಂಥವುಗಳ ವಿದ್ಯುತ್ತು. 2020ರ ಹೊತ್ತಿಗೆ ಹಳ್ಳಿಗೆ ಶೇ. 75, ಪಟ್ಟಣಕ್ಕೆ ಶೇ. 33. (ಮೂವತ್ತೈದಕ್ಕೆ ಪಾಸು ಹಾಕಿದ ಕೈ ನನ್ನದು, ಆ ಮೂವತ್ತಮೂರು ನೋಡಿ ನಗು ಬಂತು.) ನಮ್ಮ ಸೀಮೆ ಬಿಸಿಲಿಗೆ ಗಾಳಿಗೆ ಬಡವಲ್ಲ. ಬೆಟ್ಟದ ಮೇಲೆ ನಿಂತರೆ ಸೆರಗು ನಿಲ್ಲುವುದಿಲ್ಲ. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೌರಫಲಕ ಹಾಸಿದ್ದಾರೆ.

ಕಂಪನಿಗಳು ವರ್ಷಕ್ಕೆರಡು ಸಲ ತಮ್ಮ ಇಂಗಾಲದ ಲೆಕ್ಕವನ್ನು ಟ್ರಾಯ್‌ಗೆ ಒಪ್ಪಿಸಬೇಕೆಂದೂ ಆ ನಿರ್ದೇಶನದಲ್ಲಿತ್ತು. ಲೆಕ್ಕ ದಿಲ್ಲಿಗೆ, ಹೊಗೆ ನಮಗೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಎಷ್ಟು ದಾಸ್ತಾನಿದೆಯೆಂದು ಬೋರ್ಡು ಹಾಕುತ್ತಾರಲ್ಲ, ಹಾಗೆಯೇ ಟವರಿನ ಬೇಲಿಗೂ ಈ ತಿಂಗಳು ಇಷ್ಟು ಲೀಟರ್ ಡೀಸೆಲ್ ಸುಟ್ಟೆವೆಂದು ಕನ್ನಡದಲ್ಲಿ ಬರೆದು ಏಕೆ ತೂಗುಹಾಕಬಾರದು? ಅಶೋಕನಾದರೂ ತನ್ನ ಆಜ್ಞೆಯನ್ನು ಅಧಿಕಾರಿಗಳ ಪೆಟ್ಟಿಗೆಯಲ್ಲೇ ಬಿಡದೆ ಬಂಡೆಗೆ ಹಾಕಿಸಿದ.

ಶಾಲೆಯ ಸಭೆಯಲ್ಲಿ ಇದನ್ನೇ ಹೇಳಿ ಅರ್ಜಿ ಬರೆದೆವು. ಮೊದಲ ಸಹಿ ಆ ಹುಡುಗಿಯ ಅವ್ವನದು. ಉತ್ತರವೇನೂ ಬರಲಿಲ್ಲ, ಒಂದು ದಿನ ಯಾರೋ ಬಂದು ಜನರೇಟರಿನ ಹೊಗೆ ಕೊಳವೆಯನ್ನು ಆಚೆ ಕಡೆಗೆ ತಿರುಗಿಸಿ ಹೋದರು. ಆಚೆಗಿರುವುದು ಅಂಗನವಾಡಿ. ಈಗ ಎರಡನೆಯ ಅರ್ಜಿ ಬರೆಯುತ್ತಿದ್ದೇವೆ, ಅಂಗನವಾಡಿ ಟೀಚರೂ ಸಹಿ ಹಾಕುತ್ತಾರೆ.